ಪಿರಿಯಾಪಟ್ಟಣದ ಗಾಲಿಗಳು

ಮೈಸೂರಿನಿಂದ ಕೊಡಗಿನ ಕಡೆಗೆ ಹೊರಟ ಪ್ರವಾಸಿಗರಿಗೆ ಪಿರಿಯಾಪಟ್ಟಣವು ದಾರಿಯಲ್ಲಿ ಸಿಕ್ಕುವ ಊರೇ ಹೊರತು ಹೋಗಿ ನೋಡಬೇಕಾದ ಊರಲ್ಲ. ಹುಣಸೂರಿನಲ್ಲಿ ಲಕ್ಷ್ಮಣತೀರ್ಥವನ್ನು ದಾಟಿದ ಬಸ್ಸು ಕೆಂಪು ನೆಲದ ಹೊಲಗಳ ನಡುವೆ ಏರಿಳಿಯುತ್ತ ಬಂದು, ಮೈಸೂರು ಬಿಟ್ಟು ಸುಮಾರು 70 ಕಿಲೋಮೀಟರು ಆಗುವಷ್ಟರಲ್ಲಿ ಇಲ್ಲಿ ನಿಲ್ಲುತ್ತದೆ. ಪ್ರಯಾಣಿಕರು ಇಳಿದು ಕಾಫಿ ಕುಡಿಯುತ್ತಾರೆ, ಮಕ್ಕಳಿಗೆ ಬಾಳೆಯ ಹಣ್ಣು ಕೊಳ್ಳುತ್ತಾರೆ. ಮತ್ತೆ ಹತ್ತಿ ಕುಳಿತು, ಬೈಲಕುಪ್ಪೆಯ ಬುದ್ಧವಿಗ್ರಹಗಳನ್ನೋ ಮಡಿಕೇರಿಯ ಮಂಜನ್ನೋ ನೆನೆಯುತ್ತ ಮುಂದೆ ಸಾಗುತ್ತಾರೆ. ದೂರದಲ್ಲಿ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ ಕಂಡರೆ ಕೈಮುಗಿಯುವವರೂ ಉಂಟು. ಅಷ್ಟಕ್ಕೆ ಪಿರಿಯಾಪಟ್ಟಣದ ದರ್ಶನ ಮುಗಿದಂತೆ.

ಊರಿಗೆ ತನ್ನದೇ ಆದ ಹಿರಿಮೆ ಇಲ್ಲದಿಲ್ಲ. ಹಳಗನ್ನಡದ ‘ಪಿರಿಯ’ ಎಂಬ ಮಾತೇ ಇಂದಿನ ‘ಹಿರಿಯ’. ಮೊದಲು ಸಿಂಗಪಟ್ಟಣವೆನಿಸಿದ್ದ ಈ ಸ್ಥಳವನ್ನು ಚೆಂಗಾಳ್ವ ವಂಶದ ಪಿರಿಯರಾಜನು 16ನೆಯ ಶತಮಾನದಲ್ಲಿ ಹೊಸದಾಗಿ ಕಟ್ಟಿಸಿ ತನ್ನ ಹೆಸರನ್ನಿಟ್ಟನು. 17ನೆಯ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲಕ್ಕೆ ಅದು ಮೈಸೂರಿಗೆ ಸೇರಿತು. ಮುಂದೆ ಟೀಪೂ ಸುಲ್ತಾನನ ಕಾಲದಲ್ಲಿ, ಬೊಂಬಾಯಿಯ ಸೈನ್ಯವು ಕೊಡಗಿನ ಮಾರ್ಗವಾಗಿ ಶ್ರೀರಂಗಪಟ್ಟಣದತ್ತ ನಡೆದುಬಂದಾಗ, ಕೋಟೆಯು ಶತ್ರುವಿನ ಕೈಸೇರಬಾರದೆಂದು ಸುಲ್ತಾನನೇ ಅದನ್ನು ಕೆಡವಿಸಿದನು. ಅರಸರ ಸೈನ್ಯಗಳು ಹೋದ ದಾರಿಯಲ್ಲಿಯೇ ಅನಂತರ ಕಾಫಿಯ ಮೂಟೆಗಳೂ ಮರದ ದಿಮ್ಮಿಗಳೂ ಹೊಗೆಸೊಪ್ಪಿನ ಹೊರೆಗಳೂ ಸಾಗಿದವು. ಇವೆಲ್ಲ ಬಹುಕಾಲ ಸಾಗಿದ್ದು ಎತ್ತಿನ ಗಾಡಿಗಳ ಮೇಲೆ.

ಪಿರಿಯಾಪಟ್ಟಣಕ್ಕೆ ಇದುವರೆಗೆ ರೈಲು ಬಂದಿಲ್ಲ. ಮೈಸೂರಿನಿಂದ ಕುಶಾಲನಗರಕ್ಕೆ ಮಾರ್ಗ ಹಾಕಬೇಕೆಂಬ ಮಾತು ಬಹಳ ಹಳೆಯದಾದರೂ ಹಳಿಗಳು ಮಾತ್ರ ನೆಲದ ಮೇಲೆ ಮೂಡಿಲ್ಲ. ಆದರೆ ಈ ಸೀಮೆಯ ರೈತನಿಗೆ ‘ಹಳಿ’ ಎಂಬ ಮಾತು ರೈಲಿಗಿಂತ ಹಿಂದಿನದು. ಗಾಡಿಯ ಮರದ ಗಾಲಿಗೆ ಹೊರಗಿನಿಂದ ತೊಡಿಸುವ ಕಬ್ಬಿಣದ ಬಳೆಗೂ ಹಳಿಯೆಂದೇ ಹೆಸರು. ರೈಲಿನಲ್ಲಿ ಹಳಿ ನೆಲದ ಮೇಲೆ ಮಲಗಿರುತ್ತದೆ, ಗಾಲಿ ಅದರ ಮೇಲೆ ಉರುಳುತ್ತದೆ; ಗಾಡಿಯಲ್ಲಾದರೋ ಗಾಲಿಯು ತನ್ನ ಹಳಿಯನ್ನು ತಾನೇ ಹೊತ್ತುಕೊಂಡು ತಿರುಗುತ್ತದೆ. ಆ ಹಳಿಯನ್ನು ಏರಿಸಿ, ಗಾಲಿಯನ್ನು ಸರಿಯಾಗಿ ಗುಂಡಗೆ ಮಾಡಿ ಕೊಡುವ ವಿದ್ಯೆಯೊಂದು ಈ ಸೀಮೆಯ ಕುಲುಮೆಗಳಲ್ಲಿ ತಲೆಮಾರುಗಳಿಂದ ಬಾಳಿಕೊಂಡು ಬಂದಿತ್ತು. ಅದು ಈಗ ಅಲ್ಲೊಂದು ಇಲ್ಲೊಂದು ಕಡೆ ಉಳಿದಿದೆ.

ಮರದ ಕೆಲಸ

ಗಾಲಿಯು ಸುಲಭವಾದ ವಸ್ತುವೆಂದು ನಗರವಾಸಿಗೆ ತೋರಬಹುದು. ಗುಂಡಗಿರುವುದೇ ಅದರ ಗುಣ, ಗುಂಡಗಿದ್ದರೆ ಉರುಳಲೇಬೇಕು. ಆದರೆ ಮರವು ಗುಂಡಗೆ ಬೆಳೆಯುವುದಿಲ್ಲ. ಬಿಸಿಲಿಗೆ ಸುರುಟಿಕೊಳ್ಳುವ, ಮಳೆಗೆ ಉಬ್ಬುವ, ಎಳೆಯ ದಿಕ್ಕಿಗೆ ಸೀಳುವ ಹತ್ತೊಂಬತ್ತು ತುಂಡುಗಳನ್ನು ಒಂದೇ ವೃತ್ತವಾಗಿ ನಿಲ್ಲಿಸುವುದರಲ್ಲಿ ಬಡಗಿಯ ಅರ್ಧ ಆಯುಷ್ಯವೇ ಕಳೆಯುತ್ತದೆ.

ನಡುವೆ ದಪ್ಪನೆಯ ಗುಂಬ. ಅದರೊಳಗೆ ಅಚ್ಚು ಹಾಯುವ ರಂಧ್ರ. ಮರ ಸವೆಯದಂತೆ ಆ ರಂಧ್ರಕ್ಕೆ ಕಬ್ಬಿಣದ ಕೊಳವೆ. ಗುಂಬದಿಂದ ಸುತ್ತಲೂ ಹೊರಡುವ ಕಾಲುಗಳೇ ಅರೆಗಳು, ಸಾಮಾನ್ಯವಾಗಿ ಹನ್ನೆರಡು. ಅರೆಗಳ ತುದಿಯಲ್ಲಿ ಬಿಲ್ಲಿನಂತೆ ಬಾಗಿಸಿ ಕೆತ್ತಿದ ಸುತ್ತುಮರದ ಆರು ತುಂಡುಗಳು. ಒಂದೊಂದು ತುಂಡಿಗೆ ಎರಡೆರಡು ಅರೆ. ಗುಂಬಕ್ಕೆ ಕರಿಜಾಲಿಯಂಥ ಗಟ್ಟಿಮರ ಬೇಕು; ಹನ್ನೆರಡು ಕಡೆ ತೂತು ಕೊರೆದರೂ ಅದು ಬಿರಿಯಬಾರದು. ಅರೆಗೆ ಭಾರವನ್ನು ತಡೆದು ನಿಲ್ಲುವ ಮರ ಬೇಕು. ಅಚ್ಚಿಗೆ ದಿಂಡಿಗವನ್ನು ಮೆಚ್ಚುವರು. ಇಂಗ್ಲಿಷರು ಈ ಮರವನ್ನು ‘ಅಚ್ಚಿನ ಮರ’ವೆಂಬ ಅರ್ಥದ ಹೆಸರಿನಿಂದಲೇ ಕರೆದರು. ಕೊಯ್ದ ಮರವನ್ನು ಕೂಡಲೇ ಉಪಯೋಗಿಸುವಂತಿಲ್ಲ. ನೆರಳಿನಲ್ಲಿ ಬಹುಕಾಲ ಒಣಗಿಸಿ, ಅದರ ಹಟವೆಲ್ಲ ತೀರಿದ ಮೇಲೆ ಬಾಚಿ ಮುಟ್ಟಿಸಬೇಕು. ಹಸಿಮರದ ಗಾಲಿ ಮೊದಲ ಬೇಸಗೆಯಲ್ಲಿಯೇ ಬಾಯಿ ಬಿಡುತ್ತದೆ.

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆಗಳ ಬೆನ್ನಿಗೆ ನಾಗರಹೊಳೆಯ ಕಾಡು ಇದ್ದುದರಿಂದ ಒಳ್ಳೆಯ ಮರಕ್ಕೆ ಹಿಂದೆ ಕೊರತೆಯಿರಲಿಲ್ಲ. 19ನೆಯ ಶತಮಾನದಲ್ಲಿ ಹುಣಸೂರಿನಲ್ಲಿ ಮದರಾಸು ಸೈನ್ಯದ ಅಗತ್ಯಗಳಿಗಾಗಿ ಚರ್ಮ ಹದಮಾಡುವ ಕಾರ್ಖಾನೆ, ಕಂಬಳಿಯ ಕಾರ್ಖಾನೆಗಳೊಡನೆ ದೊಡ್ಡದೊಂದು ಮರದ ಕೋಠಿಯೂ ನಡೆಯುತ್ತಿತ್ತು; 1864ರಲ್ಲಿ ಅವನ್ನು ಮುಚ್ಚಲಾಯಿತು. ನಾಗರಹೊಳೆಯು 1955ರಲ್ಲಿ ಅಭಯಾರಣ್ಯವಾಗಿ, 1988ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಕಾಡು ಉಳಿಯಬೇಕಾದುದು ನ್ಯಾಯವೇ. ಆದರೆ ಒಂದು ಗುಂಬಕ್ಕೆ ತಕ್ಕ ಮರವನ್ನು ಹುಡುಕಿಕೊಂಡು ಬಡಗಿಯು ಈಗ ಹೊಲದ ಬದುಗಳನ್ನು ಸುತ್ತಬೇಕಾಗಿದೆ.

ಬೆಂಕಿಯ ದಿನ

ಮರದ ಕೆಲಸ ಮುಗಿದ ಗಾಲಿಯು ನೋಡಲು ಪೂರ್ಣವಾಗಿದ್ದರೂ ಇನ್ನೂ ಗಾಲಿಯಾಗಿರುವುದಿಲ್ಲ. ಕೈಯಿಂದ ಅಲುಗಿಸಿದರೆ ಅರೆಗಳು ಲಟಲಟನೆ ಅಲುಗುತ್ತವೆ. ಸುತ್ತುಮರದ ತುಂಡುಗಳ ನಡುವೆ ಬೇಕೆಂದೇ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಆ ಸಂದನ್ನು ಮುಚ್ಚಿ, ಎಲ್ಲವನ್ನೂ ಒಂದು ಮಾಡುವ ಕೆಲಸ ಕಮ್ಮಾರನದು.

ಮೊದಲು ಅಳತೆ. ಗಾಲಿಯ ಸುತ್ತ ದಾರ ಹಿಡಿದು ಸುತ್ತಳತೆ ತೆಗೆಯುತ್ತಾರೆ. ಐದು ಅಡಿ ಎತ್ತರದ ಗಾಲಿಯಾದರೆ ಸುತ್ತಳತೆ ಹದಿನೈದೂ ಮುಕ್ಕಾಲು ಅಡಿಗೆ ಸಮೀಪ. ಕಬ್ಬಿಣದ ಪಟ್ಟಿಯನ್ನು ಆ ಅಳತೆಗೆ ಸರಿಯಾಗಿ ಕತ್ತರಿಸಿದರೆ ಕೆಲಸ ಕೆಟ್ಟಿತು. ಬಳೆಯ ಒಳಸುತ್ತು ಗಾಲಿಯ ಹೊರಸುತ್ತಿಗಿಂತ ತುಸು ಕಡಮೆ ಇರಬೇಕು. ಎಷ್ಟು ಕಡಮೆ ಎಂಬುದು ಮರದ ಒಣಗು, ಸಂದುಗಳ ಅಗಲ, ಪಟ್ಟಿಯ ದಪ್ಪ ಇವನ್ನೆಲ್ಲ ಅವಲಂಬಿಸಿದ್ದು. ಅದು ಕಮ್ಮಾರನ ಕಣ್ಣಳತೆಗೆ ಬಿಟ್ಟ ವಿಷಯ. ಕಡಮೆ ಸಾಲದಾದರೆ ಹಳಿ ಸಡಿಲವಾಗಿ ದಾರಿಯಲ್ಲಿ ಕಳಚಿಕೊಳ್ಳುತ್ತದೆ. ಅತಿಯಾದರೆ ತಣಿಯುವಾಗ ಅದು ಹಿಂಡುವ ರಭಸಕ್ಕೆ ಅರೆಗಳು ಬಾಗಿ, ಗಾಲಿ ಊಟದ ತಟ್ಟೆಯಂತೆ ಒಂದು ಕಡೆಗೆ ತಗ್ಗಾಗುತ್ತದೆ.

ಚಿಕ್ಕ ಬಳೆಯನ್ನು ದೊಡ್ಡ ಗಾಲಿಗೆ ತೊಡಿಸುವುದು ಬೆಂಕಿಯ ಸಹಾಯದಿಂದ. ಕಾದ ಕಬ್ಬಿಣ ಹಿಗ್ಗುತ್ತದೆಂಬುದನ್ನು ಶಾಲೆಯ ಮಕ್ಕಳು ಪಾಠದಲ್ಲಿ ಓದುತ್ತಾರೆ. ಹದಿನೈದೂ ಮುಕ್ಕಾಲು ಅಡಿಯ ಬಳೆಯನ್ನು ಐನೂರು ಡಿಗ್ರಿ ಸೆಂಟಿಗ್ರೇಡಿನಷ್ಟು ಹೆಚ್ಚು ಕಾಯಿಸಿದರೆ ಅದರ ಸುತ್ತಳತೆಯು ಸುಮಾರು 28 ಮಿಲಿಮೀಟರು, ಅಂದರೆ ಒಂದು ಅಂಗುಲಕ್ಕಿಂತ ಕೊಂಚ ಹೆಚ್ಚು, ಬೆಳೆಯುತ್ತದೆ. ಕಮ್ಮಾರನ ವಿದ್ಯೆಯೆಲ್ಲ ಆ ಒಂದು ಅಂಗುಲದೊಳಗೆ ನಡೆಯತಕ್ಕದ್ದು.

ಹಳಿ ಏರಿಸುವ ದಿನ ಕುಲುಮೆಯ ಮುಂದೆ ಸಣ್ಣದೊಂದು ಜಾತ್ರೆಯೇ ನೆರೆಯುತ್ತಿತ್ತು. ಬಾವಿಯೋ ಕೆರೆಯೋ ಹತ್ತಿರವಿರುವ ಬಯಲಿನಲ್ಲಿ ಗಾಲಿಯನ್ನು ಅಂಗಾತ ಮಲಗಿಸಿ, ಗುಂಬ ಕೂರುವಷ್ಟು ನೆಲ ತೋಡಿ, ಅಲುಗದಂತೆ ಭದ್ರಪಡಿಸುವರು. ಪಕ್ಕದಲ್ಲಿ ಬಳೆಯನ್ನು ಕಲ್ಲುಗಳ ಮೇಲಿಟ್ಟು ಅದರ ಸುತ್ತ ಮೇಲೆ ಕೆಳಗೆ ಬೆರಣಿ ಒಟ್ಟುವರು. ಬೆರಣಿಯ ಬೆಂಕಿಗೆ ಸಿಟ್ಟಿಲ್ಲ. ಅದು ನಿಧಾನವಾಗಿ, ಎಲ್ಲ ಕಡೆಗೂ ಸಮವಾಗಿ ಕಾಯಿಸುತ್ತದೆ. ಬಳೆಯು ಒಂದು ಕಡೆ ಹೆಚ್ಚು ಇನ್ನೊಂದು ಕಡೆ ಕಡಮೆ ಕಾದರೆ ವೃತ್ತವೇ ಕೆಡುತ್ತದೆ. ಒಣಕಡ್ಡಿ ಸೋಕಿಸಿದರೆ ಕೂಡಲೇ ಹೊಗೆಯಾಡುವಷ್ಟು ಕಾದ ಮೇಲೆ ಮೂರು ನಾಲ್ಕು ಜನ ಉದ್ದನೆಯ ಇಕ್ಕಳಗಳಿಂದ ಬಳೆಯನ್ನು ಒಟ್ಟಿಗೆ ಎತ್ತಿ ಗಾಲಿಯ ಮೇಲೆ ಇಳಿಸುವರು. ಆ ಮೇಲಿನದು ಕೆಲವೇ ಕ್ಷಣಗಳ ಕೆಲಸ. ಮರ ಹೊಗೆಯಾಡುತ್ತದೆ, ಅಲ್ಲಲ್ಲಿ ಜ್ವಾಲೆ ಏಳುತ್ತದೆ. ಸುತ್ತಿಗೆಗಳು ಸುತ್ತಲೂ ಬಿದ್ದು ಬಳೆಯನ್ನು ಮಟ್ಟಕ್ಕೆ ಕೂರಿಸುತ್ತವೆ. ‘ನೀರು, ನೀರು’ ಎಂಬ ಕೂಗಿನೊಡನೆ ಹೆಂಗಸರೂ ಹುಡುಗರೂ ಕೊಡಗಳನ್ನು ಬಗ್ಗಿಸುತ್ತಾರೆ. ಚೊಂಯ್ಯೆಂದು ಆವಿ ಏಳುತ್ತದೆ. ಆವಿಯ ಮರೆಯಲ್ಲಿ ಮರದ ಸಂದುಗಳು ಒಂದೊಂದಾಗಿ ಮುಚ್ಚಿಕೊಳ್ಳುವ ಟಕ್ ಟಕ್ ಸದ್ದು ಕೇಳಿಸುತ್ತದೆ. ಆವಿ ಆರುವಷ್ಟರಲ್ಲಿ, ಅಲುಗುತ್ತಿದ್ದ ಹತ್ತೊಂಬತ್ತು ತುಂಡುಗಳು ಒಂದೇ ಗಾಲಿಯಾಗಿರುತ್ತವೆ. ಮೊಳೆಯಿಲ್ಲದೆ, ಅಂಟಿಲ್ಲದೆ, ಕಬ್ಬಿಣವು ತಣ್ಣಗಾದ ಬಲವೊಂದರಿಂದಲೇ ಅವು ಕೂಡಿ ನಿಲ್ಲುತ್ತವೆ.

ಎತ್ತಿನ ಹೆಗಲಿನ ಸಾಕ್ಷಿ

ಜನ ಚದುರಿದ ಮೇಲೆ ಉಳಿಯುವ ಕೆಲಸ ನೋಡಲು ಅಷ್ಟು ಸೊಗಸಿನದಲ್ಲ. ಆದರೆ ಗಾಲಿಯ ಹಣೆಬರಹ ನಿರ್ಧಾರವಾಗುವುದು ಅಲ್ಲಿಯೇ. ಗಾಲಿಯನ್ನು ಅಚ್ಚಿಗೆ ಏರಿಸಿ, ನೆಲಕ್ಕೆ ತಾಗದಂತೆ ಎತ್ತಿ ನಿಲ್ಲಿಸಿ, ಮೆಲ್ಲಗೆ ತಿರುಗಿಸುತ್ತಾರೆ. ಹಳಿಯ ಅಂಚಿಗೆ ಒಂದು ಕಡ್ಡಿಯನ್ನು ಅಲುಗದಂತೆ ಹಿಡಿಯುತ್ತಾರೆ. ಗಾಲಿ ಸರಿಯಾಗಿದ್ದರೆ ಕಡ್ಡಿಗೂ ಹಳಿಗೂ ನಡುವಿನ ಎಡೆಯು ಸುತ್ತು ಪೂರ್ತಿ ಒಂದೇ ಸಮನಾಗಿರುತ್ತದೆ. ಎಡೆ ಒಂದು ಕಡೆ ಕಿರಿದಾದರೆ ಅಲ್ಲಿ ಉಬ್ಬು, ಹಿರಿದಾದರೆ ತಗ್ಗು. ಪಕ್ಕದಿಂದ ಹಿಡಿದಾಗ ಎಡೆ ಹೆಚ್ಚು ಕಡಮೆಯಾದರೆ ಗಾಲಿ ಅಡ್ಡಾಡುತ್ತಿದೆ ಎಂದು ತಿಳಿಯಬೇಕು. ಸೈಕಲ್ ಷಾಪಿನಲ್ಲಿ ಹುಡುಗನು ರಿಮ್ಮಿಗೆ ಸೀಮೆಸುಣ್ಣ ಹಿಡಿದು, ಕಡ್ಡಿಗಳನ್ನು ಬಿಗಿದು ಸಡಿಲಿಸಿ ಬೆಂಡು ತೆಗೆಯುವುದೂ ಇದೇ ಕ್ರಮದಿಂದ. ಸುಣ್ಣ ಎಲ್ಲಿ ಹತ್ತಿತೋ ಅಲ್ಲಿ ತಪ್ಪು.

ಆ ತಪ್ಪು ಅರ್ಧ ಅಂಗುಲದ್ದಾದರೆ ಆಗುವ ನಷ್ಟವೇನು ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಬೇಕು. ಐದು ಅಡಿಯ ಗಾಲಿಯು ಒಂದು ಸುತ್ತಿಗೆ ಸುಮಾರು 4.8 ಮೀಟರು ಮುಂದೆ ಹೋಗುತ್ತದೆ. ಪಿರಿಯಾಪಟ್ಟಣದಿಂದ ಮೈಸೂರಿಗೆ ಹೊರಟ ಗಾಡಿಯ ಗಾಲಿ ದಾರಿಯುದ್ದಕ್ಕೂ ಹೆಚ್ಚು ಕಡಮೆ 15,000 ಸುತ್ತು ತಿರುಗುತ್ತದೆ. ಗಾಲಿಯಲ್ಲೊಂದು ಉಬ್ಬಿದ್ದರೆ ಗಾಡಿಯ ಭಾರವೆಲ್ಲ 15,000 ಸಲ ಏರಿ 15,000 ಸಲ ಕುಕ್ಕುತ್ತದೆ. ಆ ಕುಕ್ಕು ಮೂಕಿಗೆ ಹೋಗುತ್ತದೆ, ಮೂಕಿಯಿಂದ ನೊಗಕ್ಕೆ, ನೊಗದಿಂದ ಎತ್ತಿನ ಹೆಗಲಿಗೆ. ಗಾಡಿಯ ಮೇಲೆ ಕುಳಿತವನಿಗೆ ಅದು ಒಂದಿಷ್ಟು ಕುಲುಕಾಟ, ಅಷ್ಟೆ. ಅದರ ನಿಜವಾದ ಬೆಲೆ ತೆರುವುದು ಬಾಯಿಲ್ಲದ ಜೀವ.

ಆದುದರಿಂದಲೇ ತಿಳಿದ ರೈತನು ಗಾಲಿಯ ಪರೀಕ್ಷೆಯನ್ನು ಎತ್ತಿನ ಹೆಗಲು ನೋಡಿ ಮಾಡುತ್ತಿದ್ದನು. ಹೆಗಲ ಮೇಲಿನ ಕೂದಲು ಒಂದು ಕಡೆ ಉಜ್ಜಿ ಹೋಗಿದ್ದರೆ, ಅಲ್ಲಿ ಬಾವು ಕಂಡರೆ, ನೊಗ ಕಂಡೊಡನೆ ಎತ್ತು ಹಿಂಜರಿದರೆ, ಅವನು ಗಾಡಿಯನ್ನು ಕುಲುಮೆಗೆ ಹೊಡೆಯುತ್ತಿದ್ದನು.

“ಆಚಾರ್ರೇ, ಎಡಗಡೆ ಎತ್ತು ಹೆಗಲು ಕೊಡ್ತಾ ಇಲ್ಲ. ಒಸಿ ಗಾಲಿ ನೋಡಿ” ಎಂಬುದು ರೈತನ ಮಾತು.

“ಎತ್ತಿಗೆ ಹೊಡೀಬ್ಯಾಡ ಕಣಪ್ಪ, ತಪ್ಪು ಅದರದ್ದಲ್ಲ” ಎನ್ನುವುದು ಗಾಲಿಯನ್ನೊಮ್ಮೆ ತಿರುಗಿಸಿ ನೋಡಿದ ಕಮ್ಮಾರನ ತೀರ್ಪು.

ಎಲ್ಲ ರೈತರೂ ಹೀಗೆ ತಿಳಿದವರಾಗಿದ್ದರೆಂದು ಹೇಳುವಂತಿಲ್ಲ. ಹಳಿ ಸಡಿಲವಾದ ಗಾಲಿಯಲ್ಲಿಯೇ ಭಾರ ಹೇರಿ, ಹಿಂಜರಿದ ಎತ್ತಿಗೆ ಬಾರುಕೋಲಿನಿಂದ ಬುದ್ಧಿ ಕಲಿಸುವವರೂ ಇದ್ದರು. ಬೇಸಗೆಯಲ್ಲಿ ಮರ ಒಣಗಿ ಕುಗ್ಗಿದಾಗ ಹಳಿ ತಾನಾಗಿ ಸಡಿಲವಾಗುತ್ತಿತ್ತು. ಆಗ ಗಾಲಿಗಳನ್ನು ಕಳಚಿ ಕೆರೆಯ ನೀರಿನಲ್ಲಿ ನೆನೆಹಾಕುವ ರೂಢಿಯುಂಟು. ನೀರು ಕುಡಿದ ಮರ ಉಬ್ಬಿ ಹಳಿಯನ್ನು ಮತ್ತೆ ಕಚ್ಚಿಕೊಳ್ಳುವುದು. ಆದರೆ ಇದು ಕೆಲವು ದಿನಗಳ ಉಪಶಮನ ಮಾತ್ರ. ಕೊನೆಗೆ ಹಳಿಯನ್ನು ಬಿಚ್ಚಿ, ತುಂಡು ತೆಗೆದು ಬೆಸೆದು, ಮತ್ತೆ ಬೆಂಕಿಗೆ ಹಾಕಲೇಬೇಕು. ಅಚ್ಚಿಗೆ ಕಾಲಕಾಲಕ್ಕೆ ಕೀಲೆಣ್ಣೆ, ಗಾಲಿ ಹೊರಬೀಳದಂತೆ ಕಡಾಣಿ, ವರ್ಷಕ್ಕೊಮ್ಮೆ ಹಳಿಯ ಬಿಗಿ. ಇಷ್ಟನ್ನು ನೋಡಿಕೊಂಡವನ ಗಾಡಿ ತಂದೆಯಿಂದ ಮಗನಿಗೆ ಬರುತ್ತಿತ್ತು.

ರಬ್ಬರು ಬಂದ ಕಥೆ

ಕಬ್ಬಿಣದ ಹಳಿಗೆ ಇನ್ನೊಂದು ಕೊರತೆಯಿತ್ತು. ಅದಕ್ಕೆ ಮೆತ್ತನೆಯ ಗುಣವಿಲ್ಲ. ಗಾಲಿ ಎಷ್ಟೇ ಸರಿಯಾಗಿದ್ದರೂ ಕಲ್ಲಿನ ಪೆಟ್ಟನ್ನು ಅದು ಹಾಗೆಯೇ ಮೇಲಕ್ಕೆ ಕಳುಹಿಸುತ್ತದೆ. ಕಿರಿದಾದ ಹಳಿಯ ಮೇಲೆ ದೊಡ್ಡ ಭಾರ ಬೀಳುವುದರಿಂದ ರಸ್ತೆಯೂ ಕತ್ತರಿಸಿ ಹೋಗುತ್ತದೆ. ಈ ಎರಡು ತೊಂದರೆಗಳಿಗೂ ಮದ್ದು ದೊರೆತದ್ದು ಐರ್ಲೆಂಡಿನ ಬೆಲ್‌ಫಾಸ್ಟ್ ನಗರದಲ್ಲಿ, ಒಂದು ಮಗುವಿನ ಆಟದ ಗಾಡಿಯಿಂದ. ಜಾನ್ ಬಾಯ್ಡ್ ಡನ್ಲಪ್ ಎಂಬಾತನು ವೃತ್ತಿಯಿಂದ ಪಶುವೈದ್ಯ. ಅವನ ಮಗನ ಮೂರು ಗಾಲಿಯ ಸೈಕಲ್ಲು ಕಲ್ಲುಹಾಸಿನ ಬೀದಿಯಲ್ಲಿ ಕುಲುಕುತ್ತಿತ್ತು. ತಂದೆಯು ಮರದ ಬಿಲ್ಲೆಯೊಂದಕ್ಕೆ ಗಾಳಿ ತುಂಬಿದ ರಬ್ಬರಿನ ಕೊಳವೆಯನ್ನು ಸುತ್ತಿ ಅಂಗಳದಲ್ಲಿ ಉರುಳಿಸಿದನು. ಸೈಕಲ್ಲಿನ ಗಾಲಿಗಿಂತ ಅದು ಬಹಳ ದೂರ ಹೋಯಿತು. 1888ರಲ್ಲಿ ಅವನು ಅದಕ್ಕೆ ಹಕ್ಕುಪತ್ರ ಪಡೆದನು. ಅವನಿಗಿಂತ ಮೊದಲೇ, 1845ರಲ್ಲಿ, ರಾಬರ್ಟ್ ವಿಲಿಯಂ ಥಾಮ್ಸನ್ ಎಂಬುವನು ಇಂಥದೇ ಉಪಾಯಕ್ಕೆ ಹಕ್ಕುಪತ್ರ ಪಡೆದಿದ್ದನಾದರೂ ಅದು ಬಳಕೆಗೆ ಹರಡಿರಲಿಲ್ಲ. ದನಕರುಗಳ ನೋವನ್ನು ದಿನವೂ ನೋಡುತ್ತಿದ್ದ ವೈದ್ಯನೊಬ್ಬನು ಮಗನಿಗಾಗಿ ಮಾಡಿದ ಸಾಧನವು ಮುಂದೆ ಎತ್ತಿನ ಹೆಗಲಿಗೂ ನೆಮ್ಮದಿ ತಂದುದು ಚೋದ್ಯವೇ ಸರಿ.

ಗಾಳಿ ತುಂಬಿದ ಟೈರಿನ ಗಾಡಿಯನ್ನು ನಾಡಿನ ಹಲವೆಡೆ ಇಂದಿಗೂ ಡನ್ಲಪ್ ಗಾಡಿಯೆನ್ನುತ್ತಾರೆ. ಹಳೆಯ ಮೋಟಾರಿನ ಗಾಲಿ, ಉಕ್ಕಿನ ಅಚ್ಚು, ಗುಂಡುಗಳ ಮೇಲೆ ತಿರುಗುವ ಬೇರಿಂಗು. ಎಳೆಯಲು ಹಗುರ, ರಸ್ತೆಗೆ ಹಿತ. 1973ರಲ್ಲಿ ಆರಂಭವಾದ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಮ್ಯಾನೇಜ್‌ಮೆಂಟ್‌ನ ಮೊದಲ ನಿರ್ದೇಶಕರಾಗಿದ್ದ ಎನ್. ಎಸ್. ರಾಮಸ್ವಾಮಿಯವರು ದೊಡ್ಡ ಕಾರ್ಖಾನೆಗಳ ಆಡಳಿತವನ್ನು ಕಲಿಸುವ ಸ್ಥಾನದಲ್ಲಿದ್ದುಕೊಂಡೇ ಎತ್ತಿನ ಗಾಡಿಯ ಸುಧಾರಣೆಗಾಗಿ ಬಹುಕಾಲ ದುಡಿದರು. ನೊಗದ ಆಕಾರ, ಗಾಲಿಯ ತಿರುಗಾಟ, ಎಳೆಯುವ ಪ್ರಾಣಿಯ ನೋವು ಇವುಗಳು ವಿದ್ವಾಂಸರ ಗಮನಕ್ಕೆ ಅರ್ಹವಾದ ವಿಷಯಗಳೆಂದು ಅವರು ಎಡೆಬಿಡದೆ ಸಾರಿದರು. ಕುಲುಮೆಯ ಕಮ್ಮಾರನು ಹೆಗಲು ನೋಡಿ ಹೇಳುತ್ತಿದ್ದ ಮಾತನ್ನೇ ಅವರು ಸಭೆಗಳಲ್ಲಿ ಲೆಕ್ಕಸಹಿತವಾಗಿ ಹೇಳಿದರೆನ್ನಬಹುದು.

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ ವರ್ಜೀನಿಯಾ ಹೊಗೆಸೊಪ್ಪಿನ ಬೆಳೆ ಹೆಚ್ಚಿದಂತೆ ಹೊರೆಯೂ ಹೆಚ್ಚಿತು. ಬ್ಯಾರನ್ನಿಗೆ ಸೌದೆ ಬರಬೇಕು, ಹೊಲದಿಂದ ಹಸಿ ಎಲೆ ಬರಬೇಕು, ಹದವಾದ ಸೊಪ್ಪು ಕಂಪಲಾಪುರದಂಥ ಹರಾಜು ಕಟ್ಟೆಗಳಿಗೆ ಹೋಗಬೇಕು. ಟೈರು ಗಾಡಿ ಬಂತು. ಅದರ ಹಿಂದೆಯೇ ಟ್ರ್ಯಾಕ್ಟರೂ ಸಣ್ಣ ಲಾರಿಯೂ ಬಂದವು. ಹಳಿಯ ಗಾಲಿಗೆ ಕೆಲಸ ಕಡಮೆಯಾಯಿತು. ಎತ್ತಿಗೆ ಇದರಿಂದ ಒಳಿತೇ ಆಯಿತೆಂಬುದನ್ನು ಒಪ್ಪಬೇಕು. ಆದರೆ ಟೈರಿಗೆ ಗಾಳಿ ಕಡಮೆಯಾದಾಗ, ಬೇರಿಂಗು ಸವೆದು ಗಾಲಿ ಅಡ್ಡಾಡಿದಾಗ, ಅದೂ ಹೆಗಲನ್ನೇ ನೋಯಿಸುತ್ತದೆ. ಆಗ ಗಾಲಿಯನ್ನು ತಿರುಗಿಸಿ ನೋಡಿ ‘ತಪ್ಪು ಎತ್ತಿನದಲ್ಲ’ ಎಂದು ಹೇಳುವವನು ಹತ್ತಿರದಲ್ಲಿರುವುದಿಲ್ಲ.

ಮಕ್ಕಳ ಗಾಲಿಗಳು

ಮಸಣಿಕಮ್ಮ ದೇವಿಯ ರಥೋತ್ಸವಕ್ಕೆ ವರ್ಷಕ್ಕೊಮ್ಮೆ ಪಿರಿಯಾಪಟ್ಟಣವು ತುಂಬಿ ತುಳುಕುತ್ತದೆ. ಬೆಂಗಳೂರು ಮೈಸೂರುಗಳಲ್ಲಿ ನೆಲಸಿದ ಕುಟುಂಬಗಳು ಮಕ್ಕಳೊಡನೆ ಊರಿಗೆ ಬರುತ್ತವೆ. ದೊಡ್ಡವರು ತೇರಿನ ಗಾಲಿಯನ್ನು ನೋಡಿ ಕೈಮುಗಿದರೆ ಮಕ್ಕಳ ಕಣ್ಣು ಅಂಗಡಿಯ ಸಣ್ಣ ಗಾಲಿಗಳ ಮೇಲೆ. ಜಾತ್ರೆಗಳಲ್ಲಿ ಮಾರುವ ಚನ್ನಪಟ್ಟಣದ ಮರದ ಬಂಡಿಯನ್ನು ಕೈಗೆತ್ತಿಕೊಂಡು ನೋಡಿದರೆ, ಅದರ ಬಿಲ್ಲೆಯಂಥ ಗಾಲಿಯಲ್ಲಿ ಉಬ್ಬುತಗ್ಗು ಕಾಣುವುದಿಲ್ಲ. ಆಲೆಮರದ ತುಂಡನ್ನು ಲೇತಿನ ಮೇಲೆ ತಿರುಗಿಸುತ್ತಲೇ ಉಳಿಯಿಂದ ಕಡೆದು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಹತ್ತಿಸಿ, ಕೇದಗೆಯ ಗರಿಯಿಂದ ಹೊಳಪು ಕೊಡುವುದು ಅಲ್ಲಿಯ ಕ್ರಮ. ತಿರುಗುವಾಗ ಕಡೆದ ವಸ್ತು ತಿರುಗುವುದಕ್ಕೆ ತಕ್ಕಂತೆಯೇ ಗುಂಡಗಾಗುತ್ತದೆ.

ಈಚೆಗೆ ಮಕ್ಕಳ ಕೈಗೆ ಇನ್ನೊಂದು ಬಗೆಯ ಬಂಡಿ ಬಂದಿದೆ. ಅದು ರೇಡಿಯೋ ಅಲೆಗಳಿಂದ ದೂರದಲ್ಲಿಯೇ ನಡೆಸಬಹುದಾದ ಪುಟ್ಟ ಮೋಟಾರು ಕಾರು. ಆಟಕ್ಕಾಗಿ ಕೊಳ್ಳುವ ಕಾರುಗಳದು ಒಂದು ತೆರನಾದರೆ, ಪಂದ್ಯಕ್ಕಾಗಿ ದೊಡ್ಡವರೇ ಕಟ್ಟಿ ಓಡಿಸುವ ಮಾದರಿಗಳದು ಇನ್ನೊಂದು. ನಿಜವಾದ ಕಾರಿನ ಹನ್ನೆರಡನೆಯ ಒಂದು ಅಳತೆಯ ಇಂಥ ಮಾದರಿಗಳಿಗೆ ಗಾಳಿಯ ಟೈರಿಲ್ಲ. ಸ್ಪಂಜಿನಂಥ ಫೋಮ್ ರಬ್ಬರಿನ ಬಳೆಗಳೇ ಟೈರು. ಅವನ್ನು ಏರಿಸುವ ವಿಧಾನವನ್ನು ಕೇಳಿದರೆ ಹಳ್ಳಿಯ ಕಮ್ಮಾರನಿಗೆ ಹೊಸದೆಂದು ತೋರಲಾರದು. ಪ್ಲಾಸ್ಟಿಕ್ಕಿನ ಚಕ್ರದ ಮೇಲಿನ ಹಳೆಯ ಅಂಟನ್ನೂ ಜಿಡ್ಡನ್ನೂ ಪೂರ್ತಿಯಾಗಿ ತೆಗೆಯಬೇಕು. ಚಕ್ರಕ್ಕೂ ಬಳೆಯ ಒಳಮೈಗೂ ಅಂಟು ಸವರಿ, ಬಳೆ ಒಂದು ಕಡೆ ಹೆಚ್ಚು ಎಳೆಯದಂತೆ, ನೆಟ್ಟಗೆ ಕೂರಿಸಬೇಕು. ಬೆಂಕಿ ನೀರುಗಳ ಬದಲು ಇಲ್ಲಿ ಅಂಟು. ಅದು ಗಟ್ಟಿಯಾಗಿ ಹಿಡಿಯುವವರೆಗೆ ಕಾಯುವ ತಾಳ್ಮೆಯೂ ಬೇಕು. ಆಮೇಲೆ ಚಕ್ರವನ್ನು ಕೈಯಗಲದ ಲೇತೊಂದಕ್ಕೆ ಸಿಕ್ಕಿಸಿ ತಿರುಗಿಸುತ್ತ, ಮರಳು ಕಾಗದದಿಂದಲೋ ಹರಿತವಾದ ಅಲಗಿನಿಂದಲೋ ಎಳೆಎಳೆಯಾಗಿ ಸವರಬೇಕು. ಒಮ್ಮೆಗೇ ಹೆಚ್ಚು ತೆಗೆಯಹೋದರೆ ಫೋಮು ಹರಿಯುತ್ತದೆ. ಎಡದ ಟೈರಿಗೂ ಬಲದ ಟೈರಿಗೂ ಒಂದೇ ವ್ಯಾಸ ಬರಬೇಕು. ಅದನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆಯುವರು. ಒಂದು ಕಡೆ ಕಡಮೆಯಾದರೆ ಕಾರು ಆ ಕಡೆಗೆ ಎಳೆಯುತ್ತದೆ. ಕೊನೆಗೆ ಹೊರ ಅಂಚನ್ನು ತುಸು ಉರುಟಾಗಿಸುವರು. ಅಂಚು ಚೂಪಾಗಿಯೇ ಉಳಿದರೆ ತಿರುವಿನಲ್ಲಿ ನೆಲವನ್ನು ಕಚ್ಚಿಕೊಂಡು ಕಾರನ್ನು ಮಗುಚಿ ಹಾಕಬಹುದು, ಇಲ್ಲವೆ ತಾನೇ ಕಿತ್ತುಹೋಗಬಹುದು.

ನಾಲ್ಕೂವರೆ ಸೆಂಟಿಮೀಟರಿನ ಟೈರಿಗೆ ಇಷ್ಟೊಂದು ಉಪಚಾರವೇ ಎಂದು ಹುಬ್ಬೇರಿಸುವವರಿಗೆ ಇಲ್ಲಿಯೂ ಲೆಕ್ಕವೇ ಉತ್ತರ. ಗಂಟೆಗೆ 40 ಕಿಲೋಮೀಟರು ವೇಗದಲ್ಲಿ ಓಡುವಾಗ ಅಂಥ ಟೈರು ಒಂದು ಸೆಕೆಂಡಿಗೆ ಸುಮಾರು 80 ಸುತ್ತು ತಿರುಗುತ್ತದೆ. ಎತ್ತಿನ ಗಾಡಿ ಮೈಸೂರಿನ ದಾರಿಯುದ್ದಕ್ಕೂ ತಿನ್ನುವ 15,000 ಕುಕ್ಕುಗಳನ್ನು ಈ ಪುಟ್ಟ ಕಾರು ಮೂರೂ ಕಾಲು ನಿಮಿಷದೊಳಗೆ ತಿನ್ನುತ್ತದೆ. ಉಬ್ಬು ಕೂದಲೆಳೆಯಷ್ಟಿದ್ದರೂ ಕಾರು ನೆಲ ಬಿಟ್ಟು ಕುಣಿಯುತ್ತದೆ. ಎಳೆಯುವ ಎತ್ತು ಇಲ್ಲಿಲ್ಲವಾದುದರಿಂದ ಯಾರ ಹೆಗಲೂ ನೋಯುವುದಿಲ್ಲ. ಕಾರು ಮಗುಚುತ್ತದೆ, ಹುಡುಗ ಮುಖ ಸಣ್ಣಗೆ ಮಾಡಿಕೊಳ್ಳುತ್ತಾನೆ. ಆ ಹೊತ್ತಿನಲ್ಲಿ ಅಜ್ಜನಾದವನು ಕಾರನ್ನು ಕೈಯಲ್ಲಿ ಹಿಡಿದು, ಗಾಲಿಯನ್ನು ಬೆರಳಿನಿಂದ ತಿರುಗಿಸಿ, ಅಂಚಿಗೆ ಕಡ್ಡಿಯೊಂದನ್ನು ಹಿಡಿದು ತೋರಿಸಿದರೆ, ಮಗುವಿಗೆ ಆಟದ ಜೊತೆಗೆ ಒಂದು ವಿದ್ಯೆಯೂ ಸಿಕ್ಕಿದಂತಾಗುತ್ತದೆ. ತನ್ನ ಕಾರು ಓಡಲಿಲ್ಲವೆಂದು ಅದನ್ನು ಎತ್ತಿ ಒಗೆಯುವ ಮುನ್ನ ತಪ್ಪು ಎಲ್ಲಿದೆಯೆಂದು ನೋಡುವ ಅಭ್ಯಾಸ ಮಗುವಿಗೆ ಬಂದರೆ, ಕುಲುಮೆಯ ಪಾಠ ಅಷ್ಟರ ಮಟ್ಟಿಗೆ ಉಳಿದಂತೆ.

ಮುಂದಿನ ದಾರಿ

ಪಿರಿಯಾಪಟ್ಟಣ ಬಿಟ್ಟ ಬಸ್ಸು ಕುಶಾಲನಗರ ಸೇರುವ ಮುನ್ನ ಬೈಲಕುಪ್ಪೆ ಸಿಕ್ಕುತ್ತದೆ. 1960ರ ದಶಕದ ಆರಂಭದಲ್ಲಿ ನೆಲೆ ಕಳೆದುಕೊಂಡು ಬಂದ ಟಿಬೆಟ್ಟಿನ ಜನರಿಗೆ ಇಲ್ಲಿ ಭೂಮಿ ದೊರೆಯಿತು. ಕಾಡು ಕಡಿದು ಅವರು ಹೊಲ ಮಾಡಿದರು, ಮಠಗಳನ್ನು ಕಟ್ಟಿದರು. ಮಠದ ಸುತ್ತ ಸಾಲಾಗಿ ನಿಂತ ಪ್ರಾರ್ಥನಾ ಚಕ್ರಗಳನ್ನು ಮುದುಕಿಯರು ಒಂದೊಂದಾಗಿ ತಿರುಗಿಸುತ್ತ ನಡೆಯುತ್ತಾರೆ. ಭಾರವಾದ ಆ ಚಕ್ರಗಳು ಬೆರಳು ಸೋಕಿದರೆ ಸಾಕು, ಸದ್ದಿಲ್ಲದೆ ತಿರುಗುತ್ತವೆ. ನಡುವಿನ ಅಚ್ಚು ನೆಟ್ಟಗಿರುವುದರಿಂದಲೇ ವೃದ್ಧರ ಕೈಗೂ ಅವು ಹಗುರ. ಇತ್ತ ಮಸಣಿಕಮ್ಮನ ತೇರಿಗೆ ನೂರಾರು ಜನರ ಹೆಗಲು ಬೇಕು; ಎಲ್ಲರೂ ಕೂಡಿ ಹಗ್ಗ ಹಿಡಿದಾಗಲೇ ಅದು ಕದಲುವುದು. ಒಂದೇ ತಾಲ್ಲೂಕಿನ ಎರಡು ದೇವರ ಗಾಲಿಗಳಿವು.

ಪಿರಿಯಾಪಟ್ಟಣದಲ್ಲಿ ಇಳಿಯುವ ಪ್ರವಾಸಿಗರಿಗೆ ಕೋಟೆಯ ಅವಶೇಷವನ್ನೂ ಬೆಟ್ಟದಪುರದ ಬೆಟ್ಟವನ್ನೂ ತೋರಿಸುವವರು ಸಿಕ್ಕಾರು. ಕುಲುಮೆಯನ್ನು ತಾವಾಗಿಯೇ ಹುಡುಕಿಕೊಳ್ಳಬೇಕು. ಸುತ್ತಿಗೆಯ ಸದ್ದು ಹಿಡಿದು ಹೋದರೆ, ತಿದಿಯ ಬದಲು ವಿದ್ಯುತ್ತಿನ ಊದುಗೊಳವೆ ಇರುವ ಯಾವುದಾದರೊಂದು ಕುಲುಮೆ ಕಣ್ಣಿಗೆ ಬಿದ್ದೀತು. ಅಲ್ಲಿ ಈಗ ಹೆಚ್ಚಾಗಿ ನಡೆಯುವುದು ಗುದ್ದಲಿಗೆ ಬಾಯಿ ಹಾಕುವ, ಮಚ್ಚಿಗೆ ಸಾಣೆ ಕೊಡುವ ಕೆಲಸ. ಗೋಡೆಗೆ ಒರಗಿಸಿಟ್ಟ ತುಕ್ಕು ಹಿಡಿದ ದೊಡ್ಡ ಬಳೆಯೊಂದು ಕಂಡರೆ ಅದೇ ಹಳಿ. ವರ್ಷಗಳ ಕಾಲ ಉರುಳಿ ತೆಳ್ಳಗಾದ ಆ ಕಬ್ಬಿಣವನ್ನು ಯಾರೂ ಎಸೆಯುವುದಿಲ್ಲ. ಕೊಯ್ಲಿನ ಕಾಲ ಹತ್ತಿರವಾದಾಗ ಕಮ್ಮಾರನು ಅದರಿಂದ ಗೇಣುದ್ದದ ತುಂಡೊಂದನ್ನು ಕತ್ತರಿಸಿ, ಕಾಯಿಸಿ, ಬಡಿದು, ಕುಡುಗೋಲು ಮಾಡಿ ಕೊಡುತ್ತಾನೆ. ಕೊಳ್ಳಬಂದ ರೈತನು ಬೆಲೆ ಕೇಳುವ ಮುನ್ನ ಅದನ್ನು ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ, ಬಾಗು ಸರಿಯಾಗಿದೆಯೇ ಎಂದು ನೋಡುತ್ತಾನೆ.